ಗಾರ್ಟರ್ ಹಾವಿಗೆ ಬಿಸಿ ದೀಪದ ಕಿಟ್: ಥರ್ಮಾಮೀಟರ್ ಬಿಟ್ಟರೆ ಉಳಿದದ್ದು ಒಳ್ಳೆಯದು

ಉತ್ತರ ಅಮೆರಿಕದ ಸಣ್ಣ ಹಾವಾದ ಗಾರ್ಟರ್ ಹಾವನ್ನು ಸಾಕುವ ಗಾಜಿನ ಗೂಡನ್ನು ಬೆಚ್ಚಗಿಡಲು, ಕೆನಡಾದ ವಿನ್ನಿಪೆಗ್‌ನ ಅಂಗಡಿಯೊಂದರಲ್ಲಿ ಕೊಂಡ ಈ ಕಿಟ್‌ನಲ್ಲಿ 75 ವ್ಯಾಟ್‌ನ ಹ್ಯಾಲೊಜನ್ ಬಲ್ಬ್, ಪಿಂಗಾಣಿ ಹೋಲ್ಡರ್, ಬಿಸಿ ಹೆಚ್ಚಾದಾಗ ದೀಪ ಆರಿಸುವ ಥರ್ಮೋಸ್ಟಾಟ್ ಮತ್ತು ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್ ಇವೆ. ಮೊದಲ ಮೂರು ಕೊಟ್ಟ ದುಡ್ಡಿಗೆ ತಕ್ಕಂತಿವೆ. ಥರ್ಮಾಮೀಟರ್ ಮಾತ್ರ ಲೆಕ್ಕಕ್ಕಿಲ್ಲ. ಅದರ ಮುಳ್ಳು 27 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದಾಗಲೇ, ಬಲ್ಬಿನ ನೇರ ಕೆಳಗಿನ ಚಪ್ಪಟೆ ಕಲ್ಲಿಗೆ, ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ 38 ಡಿಗ್ರಿ ಬಂತು. ಹಾವು ಮೈ ಕಾಯಿಸಿಕೊಳ್ಳುವುದು ಆ ಕಲ್ಲಿನ ಮೇಲೆಯೇ ಆದ್ದರಿಂದ ಈ ವ್ಯತ್ಯಾಸವನ್ನು ಸಣ್ಣದೆನ್ನಲಾಗದು.

ಗಾರ್ಟರ್ ಹಾವಿಗೆ ಬಿಸಿ ಜಾಗ 29ರಿಂದ 32 ಡಿಗ್ರಿ, ಗೂಡಿನ ಇನ್ನೊಂದು ತುದಿ 21ರಿಂದ 24 ಡಿಗ್ರಿ ಇದ್ದರೆ ಸಾಕು. ವಿನ್ನಿಪೆಗ್ ಇರುವ ಇದೇ ಮ್ಯಾನಿಟೋಬಾ ಪ್ರಾಂತ್ಯದ ನಾರ್ಸಿಸ್‌ನಲ್ಲಿ ಚಳಿಗಾಲವನ್ನು ಸುಣ್ಣಕಲ್ಲಿನ ಬಿರುಕುಗಳೊಳಗೆ ಕಳೆದು ವಸಂತದಲ್ಲಿ ಸಾವಿರಗಟ್ಟಲೆ ಹೊರಬರುವ ಜೀವಿ ಇದು. ಹೆಬ್ಬಾವಿಗೆ ಹೇಳುವ ಲೆಕ್ಕವನ್ನು ಇದಕ್ಕೂ ಅನ್ವಯಿಸುವುದು ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ, ಬಿಸಿ ಕೊಂಚ ಕಡಿಮೆಯಾಗುವುದಕ್ಕಿಂತ, ಸರಿದು ಹೋಗಲು ತಂಪು ಮೂಲೆಯೇ ಇಲ್ಲದಿರುವುದು ಹೆಚ್ಚು ಅಪಾಯಕರ.

ಥರ್ಮೋಸ್ಟಾಟಿನ ಸೆನ್ಸರ್ ತಂತಿಯನ್ನು ಕಲ್ಲಿನ ಅಂಚಿಗೆ ಬಿಗಿಯಾಗಿ ಕಟ್ಟಬೇಕು. ಅದು ಜಾರಿ ತಂಪು ಕಡೆಗೆ ಬಿದ್ದರೆ ದೀಪ ಆರದೆ ಉರಿಯುತ್ತಲೇ ಇರುತ್ತದೆ. ಬಲ್ಬನ್ನು ಜಾಲರಿ ಮುಚ್ಚಳದ ಹೊರಗೇ ಇಡಬೇಕು, ಏಕೆಂದರೆ ಒಳಗಿಟ್ಟರೆ ಹಾವು ಅದಕ್ಕೆ ಸುತ್ತಿಕೊಂಡು ಸುಟ್ಟುಕೊಳ್ಳಬಹುದು. ಹೋಲ್ಡರನ್ನು ಒಂದು ಗೇಣು ಮೇಲೆತ್ತಿದ ಮೇಲೆ ಕಲ್ಲು 31 ಡಿಗ್ರಿಯಲ್ಲಿ ನಿಂತಿತು. ರಾತ್ರಿಯೂ ದೀಪ ಉರಿಸಿರೆಂಬ ಕೈಪಿಡಿಯ ಸಲಹೆಯನ್ನು ನಾನು ಪಾಲಿಸುತ್ತಿಲ್ಲ. ಮನೆಯೊಳಗಿನ 20 ಡಿಗ್ರಿ ಈ ಹಾವಿಗೆ ರಾತ್ರಿಯಲ್ಲಿ ಸಾಕಾಗುತ್ತದೆ.