ಜಾವಾ 8ರ ಸೋಪ್ ಕ್ಲೈಂಟನ್ನು 17ಕ್ಕೆ ಸಾಗಿಸುವವರೇ, ಸ್ವಲ್ಪ ನಿಲ್ಲಿ

ಇನ್ನೂ ಜಾವಾ 8ರಲ್ಲಿ ಓಡುತ್ತಿರುವ ಸೋಪ್ ಕ್ಲೈಂಟ್, ಅಂದರೆ ಎಕ್ಸ್‌ಎಂಎಲ್ ಸಂದೇಶಗಳ ಮೂಲಕ ಇನ್ನೊಂದು ಸರ್ವರ್ ಜೊತೆ ಮಾತಾಡುವ ತಂತ್ರಾಂಶ, ನಿಮ್ಮ ಕೈಯಲ್ಲಿದೆಯಾ? ಅದನ್ನು 11ಕ್ಕೋ 17ಕ್ಕೋ ಸಾಗಿಸುವ ಕೆಲಸ ಮುಂದಿದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಬ್ಯಾಂಕು, ವಿಮೆ, ಸರ್ಕಾರಿ ಇಲಾಖೆ, ಇವುಗಳ ಜೊತೆ ಮಾತಾಡುವ ತಂತ್ರಾಂಶಗಳಲ್ಲಿ ಸೋಪ್ ಇವತ್ತಿಗೂ ಬೇಕಾದಷ್ಟಿದೆ. ನಮ್ಮ ತಂಡದ ಬಳಿಯೂ ಅಂಥದ್ದೊಂದು ಇತ್ತು. ವಿಮಾ ಕಂತಿನ ವಿವರವನ್ನು ಇನ್ನೊಂದು ಕಂಪನಿಯ ಸರ್ವರ್‌ಗೆ ಕಳಿಸಿ, ಅಲ್ಲಿಂದ ಬರುವ ಉತ್ತರವನ್ನು ಡೇಟಾಬೇಸ್‌ಗೆ ಹಾಕುವುದು ಅದರ ಕೆಲಸ. ಸಾಗಿಸುವ ಹೊಣೆಯನ್ನು ಹೊರಗಿನ ಒಂದು ಸಂಸ್ಥೆಗೆ ಕೊಟ್ಟಿದ್ದರು. ಅವರು ಒಪ್ಪಿಸಿದ ಕೋಡ್ ಕಂಪೈಲ್ ಆಯಿತು. ಟೆಸ್ಟ್‌ಗಳೂ ಪಾಸಾದವು. ಕೆಟ್ಟದ್ದೆಲ್ಲ ಅದಾದ ಮೇಲೆ ಶುರುವಾಯಿತು.

ಸದ್ದು ಮಾಡುವ ತೊಂದರೆಯನ್ನು ಬೇಗ ಮುಗಿಸಿಬಿಡುತ್ತೇನೆ. ಸೋಪ್ ಕರೆಗಳನ್ನು ನೋಡಿಕೊಳ್ಳುವ ಜ್ಯಾಕ್ಸ್-ಡಬ್ಲ್ಯೂಎಸ್, ಎಕ್ಸ್‌ಎಂಎಲ್ ಅನ್ನು ಜಾವಾ ಆಬ್ಜೆಕ್ಟ್‌ಗೆ ಬದಲಾಯಿಸುವ ಜ್ಯಾಕ್ಸ್-ಬಿ ಎರಡೂ ಜಾವಾ 6ರಿಂದ 8ರವರೆಗೆ ಜೆಡಿಕೆ (ಜಾವಾದ ಮೂಲ ಕಿಟ್) ಒಳಗೇ ಬರುತ್ತಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಬಂದ ಜಾವಾ 11ರಿಂದ ಅವನ್ನು ತೆಗೆದುಹಾಕಿದರು. ಹಾಗಾಗಿ ಮೊದಲ ಸಲ ಓಡಿಸಿದಾಗ ಕ್ಲಾಸ್ ಸಿಗುತ್ತಿಲ್ಲ ಎಂಬ ಎರರ್ ಬರುತ್ತದೆ. ಜ್ಯಾಕ್ಸ್‌ಡಬ್ಲ್ಯೂಎಸ್-ಆರ್‌ಟಿ ಎಂಬ ಜಾರ್ (ಲೈಬ್ರರಿ ಫೈಲ್) ಸೇರಿಸಿದರೆ ಸರಿಹೋಗುತ್ತದೆ. ಅದರ 2.3 ಸಾಲಿನವು ಹಳೆಯ ಜಾವಾಎಕ್ಸ್ ಪ್ಯಾಕೇಜ್ ಹೆಸರಿನವು, 3ರಿಂದ ಮೇಲಿನವು ಜಕಾರ್ತಾ ಹೆಸರಿನವು. ಎರಡನ್ನೂ ಒಂದೇ ಕಡೆ ಬೆರೆಸಬೇಡಿ, ಅಷ್ಟೇ. ಈ ಎರರ್‌ಗಳ ಬಗ್ಗೆ ನನಗೆ ದೂರಿಲ್ಲ. ಕೂಗಿ ಹೇಳುತ್ತವೆ, ಸರಿಪಡಿಸಬಹುದು. ನಮ್ಮನ್ನು ಹಣ್ಣು ಮಾಡಿದ್ದು ಕೂಗದೇ ಕೂತವು.

ಒಂದು ದಿನ ಬೆಳಗ್ಗೆ ಆ ಕಡೆಯ ಕಂಪನಿಯ ಸರ್ವರ್ ನಿಧಾನವಾಯಿತು. ಅದು ಹೊಸದೇನಲ್ಲ, ತಿಂಗಳ ಕೊನೆಯಲ್ಲಿ ಆಗುತ್ತಲೇ ಇತ್ತು. ಹಿಂದೆಲ್ಲ ಒಂದಷ್ಟು ಕರೆಗಳು ಕಾಯುವ ಮಿತಿ ಮುಗಿದು ಟೈಮ್‌ಔಟ್ ಆಗುತ್ತಿದ್ದವು, ಆಮೇಲೆ ತಾನೇ ಸರಿಹೋಗುತ್ತಿತ್ತು. ಈ ಸಲ ನಮ್ಮ ಇಡೀ ವೆಬ್‌ಸೈಟ್ ನಿಂತುಹೋಯಿತು. ಸೋಪ್‌ಗೆ ಸಂಬಂಧವೇ ಇಲ್ಲದ ಲಾಗಿನ್ ಪುಟ ಕೂಡ ತೆರೆಯಲಿಲ್ಲ. ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಓಡುವುದು, ಮತ್ತೆ ನಿಲ್ಲುವುದು. ಸಿಪಿಯು ನೋಡಿದರೆ ತಣ್ಣಗಿದೆ. ಲಾಗ್‌ನಲ್ಲಿ ಒಂದು ಎರರ್ ಕೂಡ ಇಲ್ಲ.

ಜೆಸ್ಟ್ಯಾಕ್ ಎಂಬ ಸಾಧನ ಹಾಕಿ ಥ್ರೆಡ್ ಡಂಪ್, ಅಂದರೆ ಆ ಕ್ಷಣಕ್ಕೆ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಎಂಬ ಪಟ್ಟಿ, ತೆಗೆದಾಗ ವಿಷಯ ಗೊತ್ತಾಯಿತು. ನಮ್ಮ ವೆಬ್‌ಸೈಟನ್ನು ಓಡಿಸುವ ಟಾಮ್‌ಕ್ಯಾಟ್‌ನಲ್ಲಿ ನಾವಾಗಿ ಬದಲಾಯಿಸದಿದ್ದರೆ ಹೆಚ್ಚೆಂದರೆ 200 ಥ್ರೆಡ್. ಹೆಚ್ಚು ಕಡಿಮೆ ಎಲ್ಲವೂ ಸಾಕೆಟ್‌ನಿಂದ ಓದುತ್ತಾ ಕೂತಿದ್ದವು. ಅಂಥ ಥ್ರೆಡ್‌ಗಳ ಸ್ಥಿತಿ ಡಂಪ್‌ನಲ್ಲಿ ‘ರನ್ನಬಲ್’ ಎಂದೇ ಕಾಣುತ್ತದೆ. ಅದನ್ನು ನೋಡಿ ಕೆಲಸ ನಡೀತಿದೆ ಅಂದುಕೊಳ್ಳಬೇಡಿ. ಕೆಳಗಿನ ಸಾಲುಗಳಲ್ಲಿ ಎನ್‌ಐಒಸಾಕೆಟ್‌ಇಂಪ್ಲ್ ಎಂಬ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಅವು ಬರದ ಉತ್ತರಕ್ಕೆ ಕಾಯುತ್ತಿವೆ ಎಂದೇ ಅರ್ಥ.

ಟೈಮ್‌ಔಟ್ ಇರಲಿಲ್ಲವಾ? ಕೋಡ್‌ನಲ್ಲಿ ಇತ್ತು. ತೊಂದರೆ ಇದ್ದದ್ದು ಹೆಸರಿನಲ್ಲಿ. ಜೆಡಿಕೆ ಒಳಗಿದ್ದ ಕಾಲದಲ್ಲಿ ಆ ಪ್ರಾಪರ್ಟಿಯ ಹೆಸರು ‘ಕಾಮ್.ಸನ್.ಎಕ್ಸ್‌ಎಂಎಲ್.ಇಂಟರ್ನಲ್.ಡಬ್ಲ್ಯೂಎಸ್.ರಿಕ್ವೆಸ್ಟ್.ಟೈಮ್‌ಔಟ್’. ಹೊರಗಿನ ಜಾರ್‌ಗೆ ಬಂದ ಮೇಲೆ ನಡುವಿನ ‘ಇಂಟರ್ನಲ್’ ಇರುವುದಿಲ್ಲ. ಕನೆಕ್ಟ್ ಟೈಮ್‌ಔಟ್‌ದೂ ಇದೇ ಕಥೆ. ಇಂಥ ಪ್ರಾಪರ್ಟಿಗಳನ್ನು ಹಾಕುವ ರಿಕ್ವೆಸ್ಟ್ ಕಾಂಟೆಕ್ಸ್ಟ್ ಅನ್ನುವುದು ಒಂದು ಮ್ಯಾಪ್. ಯಾವ ಹೆಸರು ಹಾಕಿದರೂ ತೆಗೆದುಕೊಳ್ಳುತ್ತದೆ. ಗುರುತಿಲ್ಲದ ಹೆಸರಾದರೆ ಬಿಟ್ಟುಬಿಡುತ್ತದೆ. ಕಂಪೈಲರ್ ಎಚ್ಚರಿಸುವುದಿಲ್ಲ, ಲಾಗ್‌ನಲ್ಲೂ ಒಂದು ಸಾಲು ಬರುವುದಿಲ್ಲ. ಟೈಮ್‌ಔಟ್ ಸಿಗದಿದ್ದರೆ ಈ ಲೈಬ್ರರಿ ಕೊನೆಯಿಲ್ಲದೆ ಕಾಯುತ್ತದೆ. ಇದೇ ಕೆಲಸದ ಇನ್ನೊಂದು ಲೈಬ್ರರಿ ಅಪಾಚೆ ಸಿಎಕ್ಸ್‌ಎಫ್ ಬಳಸುವವರಿಗೆ ಇಲ್ಲಿ ಸ್ವಲ್ಪ ನೆಮ್ಮದಿ ಇದೆ. ಅದರಲ್ಲಿ ನಾವು ಏನೂ ಹೇಳದಿದ್ದರೂ ಕನೆಕ್ಷನ್‌ಗೆ 30 ಸೆಕೆಂಡ್, ಉತ್ತರಕ್ಕೆ 60 ಸೆಕೆಂಡ್ ಮಿತಿ ಇರುತ್ತದೆ.

ನಿಮ್ಮ ಕೋಡ್‌ನಲ್ಲಿ ಇವತ್ತೇ ‘ಎಕ್ಸ್‌ಎಂಎಲ್.ಇಂಟರ್ನಲ್’ ಅಂತ ಹುಡುಕಿ ನೋಡಿ. ಸಿಕ್ಕರೆ ಬದಲಾಯಿಸಿ. ಬದಲಾಯಿಸಿದ ಮೇಲೆ ನಂಬಿ ಕೂರಬೇಡಿ, ಪರೀಕ್ಷಿಸಿ. ನೆಟ್‌ಕ್ಯಾಟ್ ಎಂಬ ಪುಟ್ಟ ನೆಟ್‌ವರ್ಕ್ ಸಾಧನವನ್ನು ಖಾಲಿ ಪೋರ್ಟ್‌ನಲ್ಲಿ ಕೇಳಲು ಕೂರಿಸಿ, ಎಂಡ್‌ಪಾಯಿಂಟ್ ವಿಳಾಸವನ್ನು (ಕರೆ ಹೋಗುವ ವಿಳಾಸ) ಅದಕ್ಕೆ ತಿರುಗಿಸಿ. ಅದು ಕನೆಕ್ಷನ್ ಒಪ್ಪಿಕೊಳ್ಳುತ್ತದೆ, ಉತ್ತರ ಮಾತ್ರ ಕೊಡುವುದಿಲ್ಲ. ನೀವು ಕೊಟ್ಟ ಸಮಯಕ್ಕೆ ಸರಿಯಾಗಿ ಕರೆ ವಾಪಸ್ ಬಂದರೆ ಟೈಮ್‌ಔಟ್ ಕೆಲಸ ಮಾಡುತ್ತಿದೆ. ನಮ್ಮ ಟೆಸ್ಟ್‌ಗಳಲ್ಲಿ ಆ ಕಡೆಯ ಸರ್ವರ್‌ನ ಜಾಗದಲ್ಲಿ ತಕ್ಷಣ ಉತ್ತರ ಕೊಡುವ ಮಾಕ್ (ನಕಲಿ ಸರ್ವರ್) ಇತ್ತು. ಹಾಗಾಗಿ ಇದು ಸಿಕ್ಕಿಬೀಳಲು ಸಾಧ್ಯವೇ ಇರಲಿಲ್ಲ.

ಇದರ ಬಾಲ ಇನ್ನೂ ಉದ್ದ. ನಾವು ರೀಸ್ಟಾರ್ಟ್ ಮಾಡಿದಾಗ ಉತ್ತರ ಬಾರದ ಕಂತುಗಳನ್ನು ಶೆಡ್ಯೂಲರ್ ಮತ್ತೆ ಕಳಿಸಿತು. ಆದರೆ ಆ ಕಡೆಯ ಸರ್ವರ್ ನಿಧಾನವಾಗಿಯಾದರೂ ಮೊದಲ ಸಂದೇಶಗಳನ್ನು ತೆಗೆದುಕೊಂಡಿತ್ತು. ಕೆಲವರ ಕಂತು ಎರಡು ಸಲ ದಾಖಲಾಯಿತು. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದು ಹೇಳಲಾಗದು. ಹಣದ ಸಂದೇಶವಾದರೆ ಒಳಗೊಂದು ವಿಶಿಷ್ಟ ರೆಫರೆನ್ಸ್ ನಂಬರ್ ಇರಲೇಬೇಕು. ಮತ್ತೆ ಕಳಿಸುವಾಗ ಅದೇ ನಂಬರ್ ಹೋಗಬೇಕು. ಅದೇ ನಂಬರ್ ಎರಡನೇ ಸಲ ಬಂದರೆ ಆ ಕಡೆಯವರು ಏನು ಮಾಡುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಹಣ ಕಟ್ಟಿದವರು ಫೋನ್ ಮಾಡಿ ವಿಚಾರಿಸಿದಾಗ ಕೊಡಲು ನಮ್ಮ ಬಳಿ ಸರಿಯಾದ ಉತ್ತರ ಇರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಎರಡನೆಯದು ಇದಕ್ಕಿಂತ ಮೆಲ್ಲಗೆ ಬಂತು. ಡೇಟಾಬೇಸ್‌ನಲ್ಲಿ ಕೆಲವು ಪಾಲಿಸಿಗಳ ಬಾಕಿ ಕಂತಿನ ಸಂಖ್ಯೆ 0 ಎಂದು ಕಾಣತೊಡಗಿತು. ಬಾಕಿ ಮೊತ್ತದ ಜಾಗ ಖಾಲಿ. ಆ ಕಡೆಯವರನ್ನು ಕೇಳಿದರೆ ತಾವು ಸರಿಯಾಗಿಯೇ ಕಳಿಸಿದ್ದೇವೆ ಎಂದರು. ಅವರು ಹೇಳಿದ್ದು ನಿಜವಾಗಿತ್ತು.

ಆ ಕಡೆಯ ಸೇವೆಯಲ್ಲಿ ಯಾವ ಕರೆಗಳಿವೆ, ಸಂದೇಶಗಳು ಹೇಗಿರುತ್ತವೆ ಎಂದು ವಿವರಿಸುವ ಕಡತ ಡಬ್ಲ್ಯೂಎಸ್‌ಡಿಎಲ್. ಅದರಿಂದ ಡಬ್ಲ್ಯೂಎಸ್‌ಇಂಪೋರ್ಟ್ ಎಂಬ ಸಾಧನ ಕ್ಲಾಸ್‌ಗಳನ್ನು ಹುಟ್ಟಿಸುವಾಗ ಪ್ರತಿ ನೇಮ್‌ಸ್ಪೇಸ್‌ಗೂ (ಎಲಿಮೆಂಟ್ ಹೆಸರುಗಳ ಗುಂಪನ್ನು ಗುರುತಿಸುವ ಹೆಸರು) ಒಂದು ಪ್ಯಾಕೇಜ್ ಮಾಡುತ್ತದೆ. ಪ್ರತಿ ಪ್ಯಾಕೇಜ್‌ನಲ್ಲೂ ‘ಪ್ಯಾಕೇಜ್-ಇನ್ಫೋ’ ಎಂಬ ಪುಟ್ಟ ಫೈಲ್ ಇಡುತ್ತದೆ. ಒಳಗಿನ ಎಲಿಮೆಂಟ್‌ಗಳು ಯಾವ ನೇಮ್‌ಸ್ಪೇಸ್‌ಗೆ ಸೇರಿದವು ಎನ್ನುವುದು ಬರೆದಿರುವುದು ಅದರಲ್ಲೇ. ಉತ್ತರದ ಕ್ಲಾಸ್‌ಗಳಿದ್ದ ಪ್ಯಾಕೇಜನ್ನು ಹೊಸ ಪ್ರಾಜೆಕ್ಟ್‌ಗೆ ಕಾಪಿ ಮಾಡುವಾಗ ಆ ಫೈಲನ್ನು ಬಿಟ್ಟಿದ್ದರು. ಅದರಲ್ಲಿ ಕ್ಲಾಸ್ ಇಲ್ಲ, ಹಾಗಾಗಿ ಬೇಡದ ಫೈಲಿನ ಹಾಗೆ ಕಾಣುತ್ತದೆ. ಅದಿಲ್ಲದಿದ್ದರೆ ಜ್ಯಾಕ್ಸ್-ಬಿ ನೇಮ್‌ಸ್ಪೇಸ್ ಇಲ್ಲದ ಎಲಿಮೆಂಟ್‌ಗಾಗಿ ಹುಡುಕುತ್ತದೆ, ಬಂದದ್ದಕ್ಕೆ ನೇಮ್‌ಸ್ಪೇಸ್ ಇದೆ, ಎರಡೂ ಹೊಂದುವುದಿಲ್ಲ. ಹೊಂದದ್ದನ್ನು ಸುಮ್ನೆ ದಾಟಿ ಹೋಗುತ್ತದೆ. ಬಿಗ್‌ಡೆಸಿಮಲ್ ಇದ್ದ ಕಡೆ ನಲ್ (ಖಾಲಿ) ಉಳಿಯುತ್ತದೆ, ಇಂಟ್ ಇದ್ದ ಕಡೆ 0. ಆ 0 ನಿಜವಾದ 0 ಅಲ್ಲ ಎಂದು ಯಾರಿಗೆ ಗೊತ್ತಾಗಬೇಕು?

ಸಿಎಕ್ಸ್‌ಎಫ್‌ನಲ್ಲಾದರೆ ‘ಅನ್‌ಎಕ್ಸ್‌ಪೆಕ್ಟೆಡ್ ಎಲಿಮೆಂಟ್’ ಎಂಬ ಎರರ್ ಬಂದು ಕೆಲಸ ನಿಲ್ಲುತ್ತಿತ್ತು. ಅದನ್ನು ಕಿರಿಕಿರಿ ಎಂದು ಸೆಟ್ಟಿಂಗ್ ಬದಲಿಸಿ ಆಫ್ ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಹುಟ್ಟಿಸಿದ ಕೋಡನ್ನು ಕೈಯಲ್ಲಿ ಕಾಪಿ ಮಾಡುವುದೂ ಬೇಡ. ಬಿಲ್ಡ್ ಮಾಡುವ ಮೇವನ್‌ಗೆ ಇದಕ್ಕೊಂದು ಪ್ಲಗಿನ್ ಇದೆ, ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಹುಟ್ಟಿಸಿಕೊಳ್ಳಿ. ಆಗ ಡಬ್ಲ್ಯೂಎಸ್‌ಡಿಎಲ್ ಫೈಲನ್ನು ಜಾರ್ ಒಳಗೇ ಇಟ್ಟು ‘ಡಬ್ಲ್ಯೂಎಸ್‌ಡಿಎಲ್‌ಲೊಕೇಶನ್’ ಕೊಡಲು ಮರೆಯಬೇಡಿ. ಇಲ್ಲದಿದ್ದರೆ ಯಾರದೋ ಲ್ಯಾಪ್‌ಟಾಪ್‌ನ ಸಿ ಡ್ರೈವ್ ವಿಳಾಸ ಕ್ಲಾಸ್ ಒಳಗೆ ಸೇರಿಕೊಂಡು ಪ್ರೊಡಕ್ಷನ್‌ವರೆಗೂ ಹೋಗುತ್ತದೆ.

ಇನ್ನು ಕನ್ನಡದ ವಿಷಯ. ಹೊಸ ಸರ್ವರ್ ಲಿನಕ್ಸ್ ಕಂಟೈನರ್. ಅದರಲ್ಲಿ ಲೊಕೇಲ್ (ಭಾಷೆ, ಲಿಪಿಯ ಸೆಟ್ಟಿಂಗ್) ಹೊಂದಿಸಿರಲಿಲ್ಲ. ಜಾವಾ 17ರವರೆಗೆ ಡೀಫಾಲ್ಟ್ ಕ್ಯಾರೆಕ್ಟರ್ ಸೆಟ್ ಆಪರೇಟಿಂಗ್ ಸಿಸ್ಟಂ ಹೇಳಿದ ಹಾಗೆ ಇರುತ್ತದೆ, ಇಲ್ಲಿ ಅದು ಕನ್ನಡ ಅಕ್ಷರಗಳಿಲ್ಲದ ಬರೀ ಆಸ್ಕಿ ಆಗಿತ್ತು. ಜಾವಾ 18ರಿಂದ ಮಾತ್ರ ಅದು ಕನ್ನಡವೂ ಸೇರಿ ಎಲ್ಲ ಲಿಪಿ ಹಿಡಿಸುವ ಯುಟಿಎಫ್-8. ಹೆಡರ್ ಸೇರಿಸಲು ಹೊಸದಾಗಿ ಬರೆದ ಸೋಪ್ ಹ್ಯಾಂಡ್ಲರ್ ಒಂದಿತ್ತು. ಅದು ಇಡೀ ಸಂದೇಶವನ್ನು ಸ್ಟ್ರಿಂಗ್ ಮಾಡಿ, ತಿದ್ದಿ, ಕ್ಯಾರೆಕ್ಟರ್ ಸೆಟ್ ಹೇಳದೆ ಸ್ಟ್ರಿಂಗನ್ನು ಬೈಟ್‌ಗಳಾಗಿಸುವ ‘ಗೆಟ್‌ಬೈಟ್ಸ್’ ಕರೆದು ಮತ್ತೆ ಸಂದೇಶ ಕಟ್ಟುತ್ತಿತ್ತು. ‘ಮಂಡ್ಯ’ ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಐದು ಚಿಹ್ನೆ, ಯುಟಿಎಫ್-8ರಲ್ಲಿ 15 ಬೈಟ್. ಆ ಕಡೆ ತಲುಪಿದ್ದು ಐದು ಪ್ರಶ್ನಾರ್ಥಕ ಚಿಹ್ನೆ. ಊರು ಮಾತ್ರ ಅಲ್ಲ, ಜನರ ಹೆಸರುಗಳೂ ಹಾಗೇ ಆದವು. ಪ್ರಶ್ನಾರ್ಥಕ ಚಿಹ್ನೆಯಿಂದ ಮೂಲ ಅಕ್ಷರ ವಾಪಸ್ ತರಲು ದಾರಿಯೇ ಇಲ್ಲ. ಇಂಗ್ಲಿಷ್ ಹೆಸರುಗಳಿಂದಷ್ಟೇ ಟೆಸ್ಟ್ ಮಾಡಿದರೆ ಇದು ಎಂದಿಗೂ ಕಾಣುವುದಿಲ್ಲ. ದಯವಿಟ್ಟು ನಿಮ್ಮ ಟೆಸ್ಟ್ ಡೇಟಾದಲ್ಲಿ ಒತ್ತಕ್ಷರ ಇರುವ ಕನ್ನಡ ಹೆಸರುಗಳನ್ನು ಇಡಿ. ಕೋಡ್‌ನಲ್ಲಿ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ.

ಅದೇ ಕಂಟೈನರ್‌ನ ಗಡಿಯಾರ ಯುಟಿಸಿಯಲ್ಲಿತ್ತು. ಉತ್ತರದಲ್ಲಿ ಪಾಲಿಸಿ ಶುರುವಾಗುವ ದಿನ ‘+05:30’ ಬಾಲದೊಂದಿಗೆ ಬರುತ್ತಿತ್ತು. ನಮ್ಮಲ್ಲಿ ಏಪ್ರಿಲ್ 1ರ ನಡುರಾತ್ರಿ ಅಂದರೆ ಯುಟಿಸಿಯಲ್ಲಿ ಮಾರ್ಚ್ 31ರ ಸಂಜೆ 6:30. ಹಳೆಯ ‘ಡೇಟ್’ ಕ್ಲಾಸ್‌ಗೆ ಬದಲಾಯಿಸಿ ಬರೆದಾಗ ದಿನ ಒಂದು ಹಿಂದಕ್ಕೆ ಹೋಯಿತು, ಪಾಲಿಸಿ ಹಿಂದಿನ ಹಣಕಾಸು ವರ್ಷಕ್ಕೆ ಬಿತ್ತು. ದಿನಾಂಕ ಮಾತ್ರ ಬೇಕಾದಲ್ಲಿ ವರ್ಷ, ತಿಂಗಳು, ದಿನವನ್ನು ನೇರವಾಗಿ ಓದಿ ‘ಲೋಕಲ್‌ಡೇಟ್’ ಮಾಡಿಕೊಳ್ಳಿ.

ಇವೆಲ್ಲ ಹೊರಬಿದ್ದದ್ದು ತಂತಿಯ ಮೇಲೆ ನಿಜವಾಗಿ ಹೋಗುವ ಎಕ್ಸ್‌ಎಂಎಲ್ ನೋಡಿದಾಗಲೇ. ಅದಕ್ಕೆ ‘ಎಚ್‌ಟಿಟಿಪಿಟ್ರಾನ್ಸ್‌ಪೋರ್ಟ್‌ಪೈಪ್.ಡಂಪ್’ ಎಂಬ ಸಿಸ್ಟಂ ಪ್ರಾಪರ್ಟಿ ಇದೆ. ಅದರ ಪೂರ್ತಿ ಹೆಸರಿನಲ್ಲೂ ಹಳೆಯ ‘ಇಂಟರ್ನಲ್’ ಇದ್ದರೆ ಏನೂ ಮೂಡುವುದಿಲ್ಲ. 4096 ಬೈಟ್ ದಾಟಿದ ಸಂದೇಶವನ್ನು ಅದು ಅರ್ಧಕ್ಕೆ ಕತ್ತರಿಸುತ್ತದೆ. ಮಿತಿ ಏರಿಸುವ ಪ್ರಾಪರ್ಟಿಯ ಹೆಸರಿನಲ್ಲಿ ‘ಥ್ರೆಶೋಲ್ಡ್’ ಪದದ ಮೊದಲ ಎಚ್ ಅಕ್ಷರವೇ ಬಿಟ್ಟುಹೋಗಿದೆ, ಲೈಬ್ರರಿಯಲ್ಲೇ ಹಾಗಿದೆ. ಸರಿಯಾದ ಕಾಗುಣಿತ ಬರೆದರೆ ಕೆಲಸ ಮಾಡುವುದಿಲ್ಲ.

ಈ ಡಂಪನ್ನು ಟೆಸ್ಟ್ ಸರ್ವರ್‌ನಲ್ಲಿ ಮಾತ್ರ ಹಾಕಿ. ಪ್ಯಾನ್, ಆಧಾರ್, ಹೆಡರ್‌ನಲ್ಲಿ ಹೋಗುವ ಪಾಸ್‌ವರ್ಡ್ ಎಲ್ಲವೂ ಅದರಲ್ಲಿ ಹಾಗೇ ಮೂಡುತ್ತವೆ. ಪ್ರೊಡಕ್ಷನ್‌ನಲ್ಲಿ ಹಾಕಲೇಬೇಕಾಗಿ ಬಂದರೆ ಯಾರು ಯಾವಾಗ ಆಫ್ ಮಾಡುತ್ತಾರೆ, ಆ ಲಾಗ್ ಫೈಲನ್ನು ಯಾರು ಅಳಿಸುತ್ತಾರೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡು ಹಾಕಿ.