ಲಾಗಿನ್ ಪರದೆಯನ್ನು ನಂಬಿ ತಂತ್ರಾಂಶ ಕೊಳ್ಳುವ ಸಂಘ-ಸಂಸ್ಥೆಗಳಿಗೆ ಒಂದು ಎಚ್ಚರಿಕೆ

ನಾನು ಸದಸ್ಯನಾಗಿರುವ ಪತ್ತಿನ ಸಹಕಾರ ಸಂಘದಲ್ಲಿ ಚಿನ್ನ ಅಡವಿಟ್ಟು ಸಾಲ ಪಡೆದಿದ್ದ ಹಲವರಿಗೆ ಖಾಸಗಿ ಸಾಲ ಸಂಸ್ಥೆಯೊಂದರ ಹೆಸರು ಹೇಳಿಕೊಂಡು ಕರೆಗಳು ಬರತೊಡಗಿದವು. ಒಡವೆಯ ತೂಕ ಎಷ್ಟು ಗ್ರಾಂ, ವಾಯಿದೆ ಯಾವ ತಾರೀಖಿಗೆ ಮುಗಿಯುತ್ತದೆ, ಬಡ್ಡಿ ಎಷ್ಟು ಬಾಕಿ ಇದೆ ಎಂಬುದೆಲ್ಲ ಕರೆ ಮಾಡಿದವರಿಗೆ ಗೊತ್ತಿತ್ತು. ಇನ್ನೂ ಕಡಿಮೆ ಬಡ್ಡಿಗೆ ತಾವೇ ಬಿಡಿಸಿಕೊಡುತ್ತೇವೆ ಎನ್ನುತ್ತಿದ್ದರು. ಈ ಮೂರೂ ವಿವರಗಳು ಒಟ್ಟಿಗೆ ಸಿಗುವ ಜಾಗ ಸಂಘದ ಕಂಪ್ಯೂಟರ್ ಒಂದೇ. ಇಂಥ ಕೆಲಸದ ಪರಿಚಯ ನನಗಿರುವುದರಿಂದ ಆಡಳಿತ ಮಂಡಳಿಯವರು ತಂತ್ರಾಂಶವನ್ನು ಪರಿಶೀಲಿಸುವಂತೆ ಕೇಳಿದರು. ಅಲ್ಲಿ ಕಂಡದ್ದನ್ನು ಮಂಡಳಿಯ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಸಂಘದ ಹೆಸರಾಗಲಿ ತಂತ್ರಾಂಶ ತಯಾರಿಸಿದವರ ಹೆಸರಾಗಲಿ ಇಲ್ಲಿ ಅಗತ್ಯವಿಲ್ಲ.

ತಂತ್ರಾಂಶವನ್ನು ದಾಖಲೆಗಳನ್ನು ಕೋಷ್ಟಕಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಕಟ್ಟಲಾಗಿತ್ತು. ದತ್ತಾಂಶದ ಫೈಲು ವ್ಯವಸ್ಥಾಪಕರ ಕಂಪ್ಯೂಟರಿನ ಹಂಚಿಕೆಯ ಫೋಲ್ಡರಿನಲ್ಲಿತ್ತು. ಪ್ರತಿ ಕೌಂಟರಿನಲ್ಲೂ ಫಾರಂ ಮತ್ತು ವರದಿಗಳಿರುವ ಇನ್ನೊಂದು ಫೈಲು ಇತ್ತು. ತೆರೆದ ಕೂಡಲೇ ಹೆಸರು, ಪಾಸ್‌ವರ್ಡ್ ಕೇಳುವ ಅಚ್ಚುಕಟ್ಟಾದ ಪರದೆ ಬರುತ್ತಿತ್ತು. ಗುಮಾಸ್ತರಿಗೆ ಒಂದು ಮೆನು, ವ್ಯವಸ್ಥಾಪಕರಿಗೆ ಇನ್ನೊಂದು. ಹೊರನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಹಿಂದಿನ ಲೆಕ್ಕ ಪರಿಶೋಧನೆಯಲ್ಲೂ ಈ ಬಗ್ಗೆ ಆಕ್ಷೇಪ ಬಂದಿರಲಿಲ್ಲ.

ನಾನು ಮೊದಲು ಮಾಡಿದ್ದು ಇಷ್ಟೇ: ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಕೌಂಟರಿನ ಫೈಲಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದೆ. ಆರಂಭದಲ್ಲಿ ತಾನಾಗಿಯೇ ನಡೆಯಬೇಕಾದ ಮ್ಯಾಕ್ರೋ (ಮೊದಲೇ ಬರೆದಿಟ್ಟ ಆದೇಶಗಳ ಸರಣಿ) ಮತ್ತು ಫಾರಂಗಳನ್ನು ಬದಿಗಿಟ್ಟು ಫೈಲನ್ನು ನೇರವಾಗಿ ತೆರೆಯಲು ಆಕ್ಸೆಸ್ ತಾನೇ ಒದಗಿಸಿರುವ ಸೌಲಭ್ಯ ಇದು. ತಯಾರಕರ ಅನುಕೂಲಕ್ಕೆಂದು ಇರುವಂಥದ್ದು. ಲಾಗಿನ್ ಪರದೆ ಬರಲೇ ಇಲ್ಲ. ಎಡಗಡೆಯ ಪಟ್ಟಿಯಲ್ಲಿ ಸದಸ್ಯರು, ಠೇವಣಿ, ಚಿನ್ನದ ಸಾಲ, ಜಾಮೀನುದಾರರು ಎಂದು ಎಲ್ಲ ಕೋಷ್ಟಕಗಳೂ ಸಾಲಾಗಿ ನಿಂತಿದ್ದವು. ಬಳಕೆದಾರರ ಕೋಷ್ಟಕವನ್ನು ತೆರೆದರೆ ವ್ಯವಸ್ಥಾಪಕರ ಪಾಸ್‌ವರ್ಡ್ ಇದ್ದ ಹಾಗೇ, ಅಕ್ಷರ ಅಕ್ಷರವಾಗಿ ಕಾಣುತ್ತಿತ್ತು. ಅಷ್ಟು ಶ್ರಮವನ್ನೂ ಪಡಬೇಕಾಗಿರಲಿಲ್ಲ. ಎಕ್ಸೆಲ್‌ನಿಂದಲೇ ಆ ದತ್ತಾಂಶದ ಫೈಲಿಗೆ ಕೊಂಡಿ ಹಾಕಿ ಇಡೀ ಸಾಲದ ಪಟ್ಟಿಯನ್ನು ಎಳೆದುಕೊಳ್ಳಬಹುದಾಗಿತ್ತು.

ತಯಾರಕರನ್ನು ಕರೆಸಿ ಕೇಳಿದಾಗ ಬಂದ ಮೊದಲ ಸಮರ್ಥನೆ ವಿಚಿತ್ರವಾಗಿತ್ತು. ಹೆಸರು, ವಿಳಾಸಗಳೆಲ್ಲ ಕೋಷ್ಟಕದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತವೆ, ಆದ್ದರಿಂದ ಯಾರು ಕದ್ದರೂ ಓದಲಾಗದು ಎಂದರು. ಅದು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸ. ಆ ಸಾಲುಗಳನ್ನು ವರ್ಡ್‌ಗೆ ಅಂಟಿಸಿ ನುಡಿ ಫಾಂಟ್ ಆರಿಸಿದರೆ ಶುದ್ಧ ಕನ್ನಡದಲ್ಲಿ ಓದಬಹುದು. ಕರ್ನಾಟಕದ ಯಾವ ಡಿಟಿಪಿ ಅಂಗಡಿಯಲ್ಲಾದರೂ ಇದು ನಿತ್ಯದ ಕೆಲಸ. ಸಂಖ್ಯೆಗಳಿಗಂತೂ ಆ ಮುಸುಕೂ ಇಲ್ಲ: ಫೋನ್ ನಂಬರು, ಆಧಾರ್ ಸಂಖ್ಯೆ, ಗ್ರಾಂ ತೂಕ ಎಲ್ಲವೂ ಇದ್ದಂತೆಯೇ ಇದ್ದವು.

ಅನಂತರ ಅವರು ಪರಿಷ್ಕೃತ ಆವೃತ್ತಿಯೊಂದನ್ನು ತಂದರು, ಅದನ್ನು ಭದ್ರವೆಂದೂ ಹೇಳಿದರು. ಆಕ್ಸೆಸ್‌ನಲ್ಲಿ ತಂತ್ರಾಂಶ ಕಟ್ಟಿ ಹಂಚುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುವುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫೈಲನ್ನು ಎಸಿಸಿಡಿಇ ಎಂಬ, ಹಂಚಲೆಂದೇ ಇರುವ ಆಕ್ಸೆಸ್ ಫೈಲಿನ ರೂಪಕ್ಕೆ ಬದಲಾಯಿಸಿದ್ದರು. ಹೀಗೆ ಮಾಡಿದಾಗ ವಿಬಿಎ (ಆಕ್ಸೆಸ್‌ನೊಳಗಿನ ಪ್ರೋಗ್ರಾಂ ಭಾಷೆ) ಮೂಲ ಕೋಡು ಹೊರಟುಹೋಗುತ್ತದೆ, ಫಾರಂ ಮತ್ತು ವರದಿಗಳ ವಿನ್ಯಾಸವನ್ನು ಯಾರೂ ತಿದ್ದಲಾಗುವುದಿಲ್ಲ. ಇದು ತಯಾರಕರ ಶ್ರಮವನ್ನು ಕಾಯುವ ಒಳ್ಳೆಯ ಉಪಾಯ, ಆದರೆ ಸದಸ್ಯರ ಮಾಹಿತಿಯನ್ನು ಕಾಯುವುದಿಲ್ಲ. ಕೋಷ್ಟಕಗಳು, ಅವುಗಳಿಂದ ಬೇಕಾದ ಮಾಹಿತಿಯನ್ನು ಹೆಕ್ಕುವ ಕ್ವೆರಿಗಳು, ಮ್ಯಾಕ್ರೋಗಳು ಅದರಲ್ಲೂ ಮೊದಲಿನಂತೆಯೇ ತೆರೆದಿರುತ್ತವೆ. ಶಿಫ್ಟ್ ಕೀಲಿಯ ದಾರಿಯನ್ನೂ ಮುಚ್ಚಿದ್ದರು. ಅದಕ್ಕೊಂದು ಗುಣಲಕ್ಷಣವನ್ನು, ಅಂದರೆ ಫೈಲಿನೊಳಗಿನ ಸೆಟ್ಟಿಂಗನ್ನು, ಕೋಡಿನ ಮೂಲಕ ಸೇರಿಸುತ್ತಾರೆ. ಆದರೆ ಇನ್ನೊಂದು ಆಕ್ಸೆಸ್ ಫೈಲಿನಲ್ಲಿ ಕೆಲವೇ ಸಾಲು ಕೋಡು ಬರೆದು ಅದೇ ಗುಣಲಕ್ಷಣವನ್ನು ಹಿಂದಕ್ಕೆ ತಿರುಗಿಸಬಹುದು. ಫೈಲಿನ ವಿಸ್ತರಣೆಯನ್ನು ಎಸಿಸಿಡಿಆರ್ ಎಂದು ಬದಲಿಸಿ ರನ್‌ಟೈಮ್ ರೀತಿಯಲ್ಲಿ (ಬಳಸಲು ಮಾತ್ರ ಬಿಟ್ಟು, ವಿನ್ಯಾಸದ ಸೌಲಭ್ಯಗಳನ್ನು ಮರೆಮಾಡಿ) ಮಾತ್ರ ತೆರೆದುಕೊಳ್ಳುವಂತೆ ಮಾಡುವವರೂ ಇದ್ದಾರೆ. ಹೆಸರನ್ನು ಮತ್ತೆ ಮೊದಲಿನಂತೆ ಬದಲಿಸಿದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು.

ಇವುಗಳ ಪೈಕಿ ನಿಜವಾದ ಬಲವಿರುವುದು ದತ್ತಾಂಶದ ಫೈಲಿಗೆ ಹಾಕುವ ಪಾಸ್‌ವರ್ಡಿಗೆ. ಆಕ್ಸೆಸ್‌ನ ಹಳೆಯ ರೂಪವಾದ ಎಂಡಿಬಿ ಫೈಲುಗಳ ಪಾಸ್‌ವರ್ಡನ್ನು ಉಚಿತ ಸಾಧನಗಳು ಕ್ಷಣದಲ್ಲಿ ತೆಗೆದುಕೊಡುತ್ತವೆ. 2007ರಲ್ಲಿ ಬಂದ ಎಸಿಸಿಡಿಬಿ ರೂಪದಲ್ಲಿ ಪಾಸ್‌ವರ್ಡ್ ಹಾಕಿದರೆ ಇಡೀ ಫೈಲೇ ಗೂಢಲಿಪಿಗೆ ಬದಲಾಗುತ್ತದೆ, 2010ರ ಆವೃತ್ತಿಯಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. ಎಂಡಿಬಿಯಲ್ಲಿದ್ದ, ಬಳಕೆದಾರನಿಗೊಂದು ಅಧಿಕಾರ ನೀಡುವ ವ್ಯವಸ್ಥೆ ಮಾತ್ರ ಎಸಿಸಿಡಿಬಿಗೆ ಬರಲೇ ಇಲ್ಲವಾದ್ದರಿಂದ ಈಗ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಇಲ್ಲೇ ಎಡವಟ್ಟಾಗುವುದು. ಕೌಂಟರಿನ ಫೈಲಿನಿಂದ ದತ್ತಾಂಶದ ಕೋಷ್ಟಕಗಳಿಗೆ ಕೊಂಡಿ ಹಾಕಿದಾಗ ಆ ಪಾಸ್‌ವರ್ಡ್ ಕೊಂಡಿಯ ವಿವರದ ಜೊತೆಗೆ, ಯಾವ ಮರೆಯೂ ಇಲ್ಲದೆ, ಕೌಂಟರಿನ ಫೈಲಿನ ಒಳಕೋಷ್ಟಕದಲ್ಲಿ ಉಳಿಯುತ್ತದೆ. ಕೌಂಟರಿನ ಫೈಲಿಗೆ ಗೂಢಲಿಪಿ ಇಲ್ಲದಿದ್ದರೆ ಬೀಗದ ಕೈಯನ್ನು ಬಾಗಿಲಿಗೇ ತೂಗುಹಾಕಿದ ಹಾಗೆ. ನಮ್ಮ ಸಂಘದ ಪರಿಷ್ಕೃತ ಆವೃತ್ತಿಯಲ್ಲಿ ಆದದ್ದು ಇದೇ. ತಯಾರಕರ ಎದುರಿಗೇ ಆ ಪಾಸ್‌ವರ್ಡನ್ನು ಓದಿ ಹೇಳಿದೆ.

ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಬೇರೆಯೇ ಇತ್ತು. ಹೊಸ ಆವೃತ್ತಿಯ ಜೊತೆಗೆ ಅವರೊಂದು ಖಾಲಿ ದತ್ತಾಂಶದ ಫೈಲು ಕೊಟ್ಟಿದ್ದರು. ನಮ್ಮ ಹಳೆಯ ದಾಖಲೆಗಳನ್ನು ಅದಕ್ಕೆ ಸೇರಿಸಬೇಕಿತ್ತು. ಯಾವ ಕೋಷ್ಟಕದಲ್ಲೂ ಒಂದು ಸಾಲು ಇರಲಿಲ್ಲ, ಆದರೂ ಫೈಲು ಹತ್ತಾರು ಎಂಬಿ ತೂಗುತ್ತಿತ್ತು. ಅನುಮಾನ ಬಂದು, ಫೈಲಿನ ಒಳಗಿನ ಬೈಟುಗಳನ್ನು ಇದ್ದಂತೆಯೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದಾಗ ಪುಟಗಟ್ಟಲೆ ಫೋನ್ ನಂಬರುಗಳೂ ಅದೇ ನುಡಿಯ ಚಿಹ್ನೆಗಳೂ ಸಿಕ್ಕವು. ಫಾಂಟ್ ಬದಲಿಸಿ ನೋಡಿದರೆ ಪಕ್ಕದ ತಾಲ್ಲೂಕಿನ ಊರುಗಳ ಹೆಸರು, ನಮ್ಮ ಸಂಘಕ್ಕೆ ಸಂಬಂಧವೇ ಇಲ್ಲದ ಸದಸ್ಯರು. ಆಕ್ಸೆಸ್‌ನಲ್ಲಿ ದಾಖಲೆಯನ್ನು ಅಳಿಸಿದಾಗ ಅದು ಪಟ್ಟಿಯಿಂದ ಮರೆಯಾಗುತ್ತದೆಯೇ ಹೊರತು, ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಅಥವಾ ಫೈಲಿನ ಖಾಲಿ ಜಾಗವನ್ನು ತೆಗೆದುಹಾಕುವ ಕಂಪ್ಯಾಕ್ಟ್ ಅಂಡ್ ರಿಪೇರ್ ನಡೆಸುವವರೆಗೆ ಫೈಲಿನಲ್ಲಿ ಉಳಿದುಕೊಳ್ಳಬಹುದು. ತಯಾರಕರು ಇನ್ನೊಂದು ಸಂಘದ ಚಾಲ್ತಿ ಫೈಲನ್ನು ತೆಗೆದುಕೊಂಡು, ದಾಖಲೆಗಳನ್ನು ಅಳಿಸಿ, ಹಾಗೆಯೇ ನಮಗೆ ತಂದುಕೊಟ್ಟಿದ್ದರು. ನಮ್ಮ ಫೈಲು ಹೀಗೆ ಯಾರ ಕೈ ಸೇರಿದೆಯೋ ಎಂಬ ಪ್ರಶ್ನೆಗೆ ಅವರಿಂದ ಉತ್ತರ ಬರಲಿಲ್ಲ. ಮಾಹಿತಿ ಸೋರಿದ್ದು ಇದೇ ದಾರಿಯಲ್ಲೋ, ಸಂಘದೊಳಗಿನ ಪೆನ್ ಡ್ರೈವಿನಲ್ಲೋ ಎಂಬುದೂ ಕೊನೆಗೆ ತೀರ್ಮಾನವಾಗಲಿಲ್ಲ, ಏಕೆಂದರೆ ಫೈಲನ್ನು ಯಾರು ಓದಿದರು, ಯಾರು ನಕಲು ಮಾಡಿಕೊಂಡರು ಎಂಬ ಲೆಕ್ಕವನ್ನು ಆಕ್ಸೆಸ್ ಇಡುವುದಿಲ್ಲ.

ಮೂಲ ತೊಡಕು ವಿನ್ಯಾಸದಲ್ಲೇ ಇದೆ. ಆಕ್ಸೆಸ್‌ನ ದತ್ತಾಂಶ ಒಂದು ಫೈಲು. ಅದನ್ನು ಬಳಸುವ ಪ್ರತಿಯೊಬ್ಬನಿಗೂ ಆ ಫೋಲ್ಡರಿನಲ್ಲಿ ಓದುವ, ಬರೆಯುವ, ಲಾಕ್ ಫೈಲನ್ನು (ದತ್ತಾಂಶವನ್ನು ಯಾರು ತೆರೆದಿದ್ದಾರೆಂದು ಗುರುತಿಡುವ ತಾತ್ಕಾಲಿಕ ಫೈಲು) ಸೃಷ್ಟಿಸಿ ಅಳಿಸುವ ಅನುಮತಿ ಬೇಕು. ಅಷ್ಟು ಅನುಮತಿ ಇದ್ದವನು ಇಡೀ ಫೈಲನ್ನು ನಕಲು ಮಾಡಿಕೊಳ್ಳಬಲ್ಲ. ಹಾಗಾಗಿ ಜನರ ಹಣಕಾಸಿನ ವಿವರ ಇರುವ ಕಡೆ ದತ್ತಾಂಶವನ್ನು ಸರ್ವರ್ ಆಧಾರಿತ ವ್ಯವಸ್ಥೆಗೆ ಸಾಗಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಮೈಕ್ರೋಸಾಫ್ಟ್‌ನದೇ ಅಂಥ ವ್ಯವಸ್ಥೆಯಾದ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತವಾಗಿ ಸಿಗುತ್ತದೆ. ಆಕ್ಸೆಸ್ ಫೈಲಿನ ಮಿತಿ 2 ಜಿಬಿ ಇದ್ದರೆ ಇದರಲ್ಲಿ ಒಂದೊಂದು ದತ್ತಸಂಚಯಕ್ಕೆ 2022ರ ಆವೃತ್ತಿಯವರೆಗೆ 10 ಜಿಬಿ, 2025ರ ಆವೃತ್ತಿಯಲ್ಲಿ 50 ಜಿಬಿವರೆಗೆ ಅವಕಾಶವಿದೆ. ಫಾರಂ, ವರದಿಗಳನ್ನು ಆಕ್ಸೆಸ್‌ನಲ್ಲೇ ಉಳಿಸಿಕೊಳ್ಳಬಹುದು. ವಿಂಡೋಸ್ ಖಾತೆಯ ಮೂಲಕವೇ ಪ್ರವೇಶ ಕೊಟ್ಟರೆ ಕೊಂಡಿಯಲ್ಲಿ ಪಾಸ್‌ವರ್ಡ್ ಇಡುವ ಅಗತ್ಯವಿರುವುದಿಲ್ಲ, ಗುಮಾಸ್ತರಿಗೆ ಕೋಷ್ಟಕದ ಬದಲು ಅವರ ಕೆಲಸಕ್ಕೆ ಬೇಕಾದ ವ್ಯೂಗಳನ್ನಷ್ಟೇ (ಕೋಷ್ಟಕದ ಆಯ್ದ ಭಾಗಗಳನ್ನಷ್ಟೇ) ತೋರಿಸಬಹುದು. ಬ್ಯಾಕಪ್ ಪ್ರತಿಗಳನ್ನು ಮಾತ್ರ ಮರೆಯಬಾರದು. ನಮ್ಮಲ್ಲಿ ದಿನವೂ ಸಂಜೆ ಬ್ಯಾಕಪ್ ಮೇಜಿನ ಖಾನೆಯ ಪೆನ್ ಡ್ರೈವಿಗೆ ಹೋಗುತ್ತಿತ್ತು, ಅದಕ್ಕೆ ಯಾವ ಗೂಢಲಿಪಿಯೂ ಇರಲಿಲ್ಲ.

ಕಾನೂನಿನ ಮಾತನ್ನೂ ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೆಲಸವನ್ನು ಹೊರಗಿನವರಿಗೆ ಒಪ್ಪಿಸಿದ್ದರೂ ಹೊಣೆ ಮಾಹಿತಿ ಸಂಗ್ರಹಿಸಿದ ಸಂಸ್ಥೆಯದೇ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೆ ಹೋಗಬಹುದು. ಇದನ್ನು ತಿಳಿದ ಮೇಲೆ ನಮ್ಮ ಮಂಡಳಿ ಒಪ್ಪಂದದಲ್ಲಿ ಕೆಲವು ಷರತ್ತುಗಳನ್ನು ಸೇರಿಸಿತು: ದುರಸ್ತಿಯನ್ನು ಸಂಘದ ಕಚೇರಿಯಲ್ಲೇ ಮಾಡಬೇಕು, ದತ್ತಾಂಶದ ಪ್ರತಿಯನ್ನು ಹೊರಗೆ ಒಯ್ಯಕೂಡದು, ಖಾಲಿ ಫೈಲನ್ನು ಹೊಸದಾಗಿಯೇ ಸೃಷ್ಟಿಸಿ ಕೊಡಬೇಕು, ಅದನ್ನು ಸಂಘದ ಪರವಾಗಿ ಇನ್ನೊಬ್ಬರು ತೆರೆದು ಪರೀಕ್ಷಿಸಿದ ನಂತರವೇ ಹಣ ಪಾವತಿ. ಹಳೆಯ ತಯಾರಕರು ಇದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಪಕ್ಕದ ತಾಲ್ಲೂಕಿನ ಆ ಸಂಘಕ್ಕೆ ವಿಷಯವನ್ನು ಲಿಖಿತವಾಗಿ ತಿಳಿಸಿ, ಅವರ ಸದಸ್ಯರ ವಿವರವಿದ್ದ ಫೈಲನ್ನು ಅವರ ಕಾರ್ಯದರ್ಶಿಯ ಎದುರಿನಲ್ಲಿಯೇ ನಾಶಪಡಿಸಲಾಯಿತು.