ಹಿಂಡಿ ಅಂಗಡಿಯ ಚಿಪ್ಪಿನ ತರಿ ರೀಫ್ ಟ್ಯಾಂಕಿಗೆ ಆದೀತೇ?

ಕುಂಬಳೆ, ಉಪ್ಪಳ, ಕಾಸರಗೋಡು ಕಡೆಯ ಹಿಂಡಿ ಅಂಗಡಿಗಳಲ್ಲಿ ಮೊಟ್ಟೆಕೋಳಿಗೆಂದು ಮಾರುವ ಚಿಪ್ಪಿನ ತರಿಗೆ ಕಿಲೋಗೆ ಕೆಲವೇ ರೂಪಾಯಿ. ಚೀಲದ ಮೇಲೆ ಶೆಲ್ ಗ್ರಿಟ್ ಎಂದಿರುತ್ತದೆ. ಮಲಯಾಳದಲ್ಲಿ ಕೇಳುವುದಾದರೆ ಕಕ್ಕ ಎಂದರೆ ಗೊತ್ತಾಗುತ್ತದೆ. ಹವಳ, ಕಡಲ ಮೀನು ಸಾಕುವ ಉಪ್ಪುನೀರಿನ ರೀಫ್ ಟ್ಯಾಂಕಿನ ತಳಕ್ಕೆ ಹಾಸುವ, ಅಕ್ವೇರಿಯಂ ಅಂಗಡಿಯ ಆಮದು ಅರಗೊನೈಟ್ ಹೊಯ್ಗೆಗೆ ಕಿಲೋಗೆ ನೂರಾರು ರೂಪಾಯಿ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಆದರೂ ಒಂದರ ಜಾಗಕ್ಕೆ ಇನ್ನೊಂದು ಎಲ್ಲ ಟ್ಯಾಂಕಿಗೂ ಹೊಂದುವುದಿಲ್ಲ.

ಮೊದಲು ಎಷ್ಟು ಬೇಕೆಂದು ನೋಡಿ. 90×45×45 ಸೆಂ.ಮೀ. ಟ್ಯಾಂಕಿನ ತಳಕ್ಕೆ 3 ಸೆಂ.ಮೀ. ದಪ್ಪ ಹಾಕಲು ಸುಮಾರು 12 ಲೀಟರ್, ಅಂದರೆ ಹೆಚ್ಚುಕಡಿಮೆ 18 ಕಿಲೋ ಹೊಯ್ಗೆ ಸಾಕು. ಕಲ್ಲುಗಳನ್ನು ಮೊದಲು ಗಾಜಿನ ಮೇಲೆಯೇ ಕೂರಿಸಿ ಆಮೇಲೆ ಸುತ್ತ ಸುರಿದರೆ ಇನ್ನೂ ಕಡಿಮೆ. ಹೊಯ್ಗೆ ಕೊರೆಯುವ ಮೀನು ಬುಡ ಸಡಿಲಿಸಿ ಕಲ್ಲು ಉರುಳಿಸುವ ಭಯವೂ ಇಲ್ಲ. ಅಂಗಡಿಯವರು ಹೇಳುವ 30 ಕಿಲೋ ಬೇಡ. ಹತ್ತು ಸೆಂಟಿಮೀಟರಿಗಿಂತ ಆಳದ ಹಾಸು ಬೇರೆಯೇ ಪದ್ಧತಿ, ಅದಕ್ಕೆ 1 ಮಿ.ಮೀ. ಒಳಗಿನ ನುಣ್ಣನೆಯ ಹೊಯ್ಗೆಯೇ ಬೇಕು. ದಪ್ಪ ತರಿಯನ್ನು ಅಷ್ಟು ಆಳಕ್ಕೆ ತುಂಬಿದರೆ ಅದು ಕೊಳೆಯ ಉಗ್ರಾಣ.

ಚಿಪ್ಪಿನ ತರಿ ಕೊಳ್ಳುವಾಗ ಒಂದು ಹಿಡಿ ಅಂಗೈಯಲ್ಲಿ ಹರಡಿ ನೋಡಿ. ಒಂದು ಬದಿ ಗೀರುಗೀರಾಗಿ, ಇನ್ನೊಂದು ಬದಿ ನುಣುಪಾಗಿದ್ದರೆ ಮರುವಾಯಿ ಜಾತಿಯ ಚಿಪ್ಪು. ಕೆಲವು ಚೂರುಗಳ ಕೀಲಿನ ಹತ್ತಿರ ಕಂದು ಪೊರೆ ಅಂಟಿಕೊಂಡಿರುತ್ತದೆ. ತೊಂದರೆ ಕೊಡುವುದು ಇದೇ. ಟ್ಯಾಂಕಿನಲ್ಲಿ ಕೊಳೆತು ಅಮೋನಿಯಾ ಬಿಡುತ್ತದೆ. ತರಿಯ ನಡುವೆ ಬೂದುಬಣ್ಣದ ಪುಡಿ ಸೇರಿದ್ದರೆ, ಚೀಲದ ಮೇಲೆ ಡಿಸಿಪಿ ಅಥವಾ ಮಿನರಲ್ ಮಿಕ್ಸ್ಚರ್ ಎಂದಿದ್ದರೆ ಮುಟ್ಟಬೇಡಿ. ಡಿಸಿಪಿ ಎಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್. ಕೋಳಿಗೆ ಒಳ್ಳೆಯದು, ರೀಫ್ ಟ್ಯಾಂಕಿನಲ್ಲಿ ಪಾಚಿಗೆ ಹಬ್ಬ. ವಿನೆಗರ್ ಹನಿಸಿ ನೊರೆ ನೋಡುವ ಪರೀಕ್ಷೆಯಿಂದ ಇಲ್ಲಿ ಪೂರ್ತಿ ಉಪಯೋಗವಿಲ್ಲ. ಸುಣ್ಣಕಲ್ಲಿನ ಪುಡಿಯೂ ನೊರೆ ಬರಿಸುತ್ತದೆ. ನೊರೆ ಬಾರದ ಹರಳು ಕಾರ್ಬೊನೇಟ್ ಅಲ್ಲ ಎಂದಷ್ಟೇ ಗೊತ್ತಾಗುತ್ತದೆ.

ತಯಾರಿ ಬೇಸಗೆಯಲ್ಲಿ ಮಾಡುವ ಕೆಲಸ. ಎರಡು ಜರಡಿ ಇಟ್ಟುಕೊಂಡು 1 ಮಿ.ಮೀ.ಗಿಂತ ಸಣ್ಣದನ್ನೂ 4 ಮಿ.ಮೀ.ಗಿಂತ ದೊಡ್ಡದನ್ನೂ ತೆಗೆಯಿರಿ. ಚೀಲದ ಮೂರರಲ್ಲೊಂದು ಪಾಲು ಹೀಗೆ ಹೋದರೂ ಆಶ್ಚರ್ಯವಿಲ್ಲ. ಪುಡಿಯನ್ನು ತೆಂಗಿನ ಬುಡಕ್ಕೆ ಹಾಕಿ, ನಮ್ಮ ಹುಳಿ ಮಣ್ಣಿಗೆ ಸುಣ್ಣ ಬೇಕೇ ಬೇಕು. ಉಳಿದದ್ದನ್ನು ಅರ್ಧ ಬಕೆಟ್‌ನಂತೆ ನೀರು ತಿಳಿಯಾಗುವವರೆಗೆ ತೊಳೆಯಿರಿ. ಹತ್ತು ಹದಿನೈದು ಸಲ ನೀರು ಬದಲಿಸಬೇಕಾದೀತು. ಆಮೇಲೆ 10 ಲೀಟರ್ ನೀರಿಗೆ 1 ಲೀಟರ್ ವಾಸನೆ ಸೇರಿಸದ ಬ್ಲೀಚ್ ಬೆರೆಸಿ ಒಂದು ದಿನ ನೆನೆಹಾಕಿ. ಈ ಹಂತದಲ್ಲಿ ವಿನೆಗರನ್ನು ಹತ್ತಿರವೂ ತರಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ಮದ್ದು ಹಾಕಿದ ನೀರಿನಲ್ಲಿ ಅದ್ದಿ, ಅಡಿಕೆ ಹರಡುವ ಅಂಗಳದ ಮೂಲೆಯಲ್ಲಿ ಮೂರು ನಾಲ್ಕು ದಿನ ಬಿಸಿಲಿಗೆ ಹಾಕಿ. ತೊಳೆಯಲು ಬಾವಿ ನೀರು ಸಾಕು, ಕೊನೆಯ ಸಲ ಮಾತ್ರ ಆರ್‌ಓ ನೀರು.

ಇಷ್ಟಾದರೂ ನೇರ ಟ್ಯಾಂಕಿಗೆ ಸುರಿಯಬೇಡಿ. 1 ಕಿಲೋ ತರಿಯನ್ನು 1.025 ಸಾಂದ್ರತೆಯ 3 ಲೀಟರ್ ಉಪ್ಪುನೀರಿನಲ್ಲಿ, ಸಣ್ಣ ಪಂಪ್ ಓಡಿಸುತ್ತ ಒಂದು ವಾರ ಬಿಡಿ. ಫಾಸ್ಫೇಟ್ 0.1 ಪಿಪಿಎಂ ಒಳಗಿದ್ದು ಅಮೋನಿಯಾ ಕಾಣದಿದ್ದರೆ ಸರಿ. ಇಲ್ಲವಾದರೆ ನೀರು ಬದಲಿಸಿ ಇನ್ನೊಂದು ವಾರ. ಮೂರನೆಯ ಸಲವೂ ಇಳಿಯದಿದ್ದರೆ ಅದೂ ತೆಂಗಿನ ಬುಡಕ್ಕೇ.

ಇನ್ನು ಟ್ಯಾಂಕಿನೊಳಗೆ ಅದರ ನಡವಳಿಕೆ. ಚಪ್ಪಟೆ ಚೂರುಗಳು ಮಾಡಿಗೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಮಲಗಿಬಿಡುತ್ತವೆ. ಅಡಿಯಲ್ಲಿ ನೀರು ಆಡುವುದಿಲ್ಲ, ಮೀನಿನ ಹಿಕ್ಕೆ, ಉಳಿದ ತಿಂಡಿ ಸಂದಿನಲ್ಲಿ ಸೇರುತ್ತದೆ. ನೀರು ಬದಲಿಸುವಾಗಲೆಲ್ಲ ತಳದ ಮೂರರಲ್ಲೊಂದು ಭಾಗವನ್ನು ಸೈಫನ್ ಕೊಳವೆಯಿಂದ ಕೆದಕಿ ಎಳೆಯಲೇಬೇಕು. ಒಳ್ಳೆಯ ಗುಣವೆಂದರೆ, ನೀರಿನಲ್ಲಿ ಅಲೆ ಎಬ್ಬಿಸುವ ಜೋರಿನ ವೇವ್‌ಮೇಕರ್ ಪಂಪ್ ಇಟ್ಟರೂ ಇದು ಹಾರುವುದಿಲ್ಲ. ಸಕ್ಕರೆಯಂಥ ನುಣ್ಣನೆಯ ಹೊಯ್ಗೆಯಾದರೆ ಹವಳದ ಮೇಲೆಲ್ಲ ಬಿದ್ದಿರುತ್ತದೆ. ಕ್ಲೌನ್, ಡ್ಯಾಮ್ಸೆಲ್, ಟ್ಯಾಂಗ್ ಮೀನುಗಳಿಗೆ ತಳ ಯಾವುದಾದರೇನು? ಹೊಯ್ಗೆಯನ್ನು ಬಾಯಿಗೆ ತುಂಬಿ ಕಿವಿರಿನಿಂದ ಜಾಲಿಸುವ ಸ್ಲೀಪರ್ ಗೋಬಿಗೆ, ರಾತ್ರಿ ಹೊಯ್ಗೆಯೊಳಗೆ ಹೂತು ಮಲಗುವ ಹ್ಯಾಲಿಕೊಯೆರಿಸ್ ರಾಸ್‌ಗೆ ಮಾತ್ರ ಈ ಚೂಪು ಅಂಚು ಸಲ್ಲದು. ಆ ಮೀನು ಬೇಕೆಂದಿದ್ದರೆ ಚೌಕಾಸಿ ಬಿಟ್ಟು 0.5ರಿಂದ 1 ಮಿ.ಮೀ. ಅರಗೊನೈಟನ್ನೇ ತನ್ನಿ. ಉಳಿದವರಿಗೆ 1ರಿಂದ 2 ಮಿ.ಮೀ. ಒಣ ಅರಗೊನೈಟ್ ಎಲ್ಲಕ್ಕಿಂತ ತಲೆನೋವು ಕಡಿಮೆಯ ಸರಕು. ಕ್ಯಾರಿಬ್‌ಸೀ ಕಂಪೆನಿಯ ಸ್ಪೆಷಲ್ ಗ್ರೇಡ್ ಇದೇ ಗಾತ್ರದ್ದು. ಒದ್ದೆ ಚೀಲದಲ್ಲಿ ಬರುವ, ಜೀವಂತ ಬ್ಯಾಕ್ಟೀರಿಯಾ ಇರುವ ಲೈವ್ ಹೊಯ್ಗೆಗೆ ಹೆಚ್ಚು ಕೊಡುವುದೆಂದರೆ ನೀರಿನ ತೂಕಕ್ಕೂ ದುಡ್ಡು ಕೊಟ್ಟಂತೆ. ಚೆನ್ನಾಗಿ ನಡೆಯುತ್ತಿರುವ ಗೆಳೆಯರ ಟ್ಯಾಂಕಿನ ಒಂದು ಲೋಟ ಹೊಯ್ಗೆಯಿಂದ ಅದೇ ಕೆಲಸ ಆಗುತ್ತದೆ. ಆ ಟ್ಯಾಂಕಿನಲ್ಲಿ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಕಡಲ ಹೂವು ಇಲ್ಲವೆಂದು ನೋಡಿಕೊಂಡರಾಯಿತು.

ಕಾರ್ಬೊನೇಟ್ ತಳ ಹಾಕಿದರೆ ಪಿಎಚ್ ತಾನಾಗಿ ನಿಲ್ಲುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಡಿ. ಪಿಎಚ್ 8ರ ಮೇಲಿನ ಉಪ್ಪುನೀರಿನಲ್ಲಿ ಅದು ಕರಗುವುದೇ ಇಲ್ಲ. ಹವಳ ಬೆಳೆಯತೊಡಗಿದ ಮೇಲೆ ಕ್ಷಾರತೆ, ಕ್ಯಾಲ್ಸಿಯಂ ಎರಡನ್ನೂ ನೀವೇ ಹಾಕಬೇಕು.

ಬೇಕಲದಿಂದಲೋ ಕಾಞಂಗಾಡಿನಿಂದಲೋ ಬಿಟ್ಟಿ ಹೊಯ್ಗೆ ತರೋಣವೆಂದರೆ, ಕಡಲ ಕರೆಯಿಂದ ಹೊಯ್ಗೆ ತೆಗೆಯಲು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝೆಡ್) ನಿಯಮದ ಅಡ್ಡಿಯಿದೆ. ಅದು ಬಹುಪಾಲು ಬೆಣಚು ಬೇರೆ. ಬೆಣಚಿನಿಂದ ಅಂಥ ಕೇಡಿಲ್ಲ. ಕೇಡಿರುವುದು ಅದರಲ್ಲಿನ ಕಪ್ಪು ಹರಳಿನಲ್ಲಿ. ಅಯಸ್ಕಾಂತಕ್ಕೆ ಅಂಟುವ ಆ ಹರಳು ಪಂಪಿನ ರೋಟರ್ ಸೇರಿ ಗರಗರ ಸದ್ದು ಮಾಡುತ್ತದೆ, ಮ್ಯಾಗ್ನೆಟ್ ಕ್ಲೀನರಿಗೆ ಅಂಟಿ ಗಾಜಿಗೆ ಗೀರು ಹಾಕುತ್ತದೆ. ಎಂ ಸ್ಯಾಂಡ್ ಯೋಚಿಸಲೇಬೇಡಿ. ಲಕ್ಷದ್ವೀಪದ್ದೆಂದು ಹೇಳಿ ಗುಟ್ಟಾಗಿ ಕೊಡುವ ಬಿಳಿ ಹವಳದ ಚೂರಂತೂ ಬೇಡವೇ ಬೇಡ: ಕಲ್ಲುಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ.

ಚಿಪ್ಪಾಗಲಿ ಅರಗೊನೈಟಾಗಲಿ, ಮೀನಿಗೆ ರೋಗ ಬಂದಾಗ ತಾಮ್ರದ ಮದ್ದನ್ನು ಇದೇ ಟ್ಯಾಂಕಿಗೆ ಹಾಕಬಾರದು. ಕಾರ್ಬೊನೇಟ್ ತಾಮ್ರವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮದ್ದಿನ ಮಟ್ಟ ನಿಲ್ಲುವುದಿಲ್ಲ, ಹವಳ, ಸಿಗಡಿ, ಬಸವನಹುಳಗಳೂ ಉಳಿಯುವುದಿಲ್ಲ. ಅದಕ್ಕೆ ಹೊಯ್ಗೆಯಿಲ್ಲದ ಬರಿಗಾಜಿನ ಸಣ್ಣ ಟ್ಯಾಂಕ್ ಬೇರೆಯೇ ಇರಲಿ.